ಗುತ್ಯಮ್ಮನ ಮೇಲೆ ಬರೆದ ದೂರು

ಗುತ್ಯಮ್ಮ ಆ ಕುರ್ಚಿಯಲ್ಲಿ ಕೂತದ್ದು ಸೊಂಟ ನೆಟ್ಟಗೆ ಮಾಡಿಕೊಳ್ಳಲಿಕ್ಕೆ ಮಾತ್ರ. ಮಧ್ಯಾಹ್ನದ ರೈಲು ತಾಳಗುಪ್ಪದ ಕಡೆಗೆ ಹೋಗಿ ಅರ್ಧ ಗಂಟೆಯಾಗಿತ್ತು. ಹೆಂಗಸರ ವೇಟಿಂಗ್ ರೂಮಿನ ನೆಲ ಒರೆಸಿ, ಬಚ್ಚಲು ತಿಕ್ಕಿ, ಹಂಡೆಗೆ ನೀರು ತುಂಬಿ ಆಗಿತ್ತು. ಉದ್ದ ಕೈಗಳ ಆ ಬೆತ್ತದ ಕುರ್ಚಿ ಇದ್ದದ್ದು ಫಸ್ಟ್ ಕ್ಲಾಸಿನ ಹೆಂಗಸರಿಗೆ. ಹನ್ನೊಂದು ವರ್ಷದ ನೌಕರಿಯಲ್ಲಿ ದಿನಾ ಅದನ್ನು ಒರೆಸಿದ್ದಳೇ ಹೊರತು ಒಮ್ಮೆಯೂ ಅದರಲ್ಲಿ ಕೂತವಳಲ್ಲ. ಆ ದಿನ ಕೂತಳು. ಕೂತದ್ದಷ್ಟೇ ಅವಳಿಗೆ ನೆನಪು.

ಮಹಾರಾಜರ ಕಾಲದಲ್ಲಿ ಕಟ್ಟಿದ ಆ ಸ್ಟೇಷನ್ನಿನಲ್ಲಿ ವೇಟಿಂಗ್ ರೂಮಿಗೆ ಇಬ್ಬರು ಆಯಾಗಳಿರಬೇಕಿತ್ತು. ಬೆಳಗಿನ ಪಾಳಿ ರಂಗಮ್ಮನದು, ಮಧ್ಯಾಹ್ನದ ಮೇಲಿನದು ಗುತ್ಯಮ್ಮನದು. ರಂಗಮ್ಮ ಮಗಳ ಬಾಣಂತನಕ್ಕೆಂದು ಭದ್ರಾವತಿಗೆ ಹೋದವಳು ಅಲ್ಲೇ ಕಾಲು ಮುರಿದುಕೊಂಡು ಮಲಗಿಬಿಟ್ಟಳು. "ಒಂದು ವಾರ ಹೇಗಾದರೂ ಸುಧಾರಿಸಮ್ಮ, ಬೇರೆಯವರನ್ನು ಕಳಿಸ್ತಾರೆ" ಎಂದಿದ್ದರು ಸ್ಟೇಷನ್ ಮಾಸ್ಟರು. ಆ ಒಂದು ವಾರಕ್ಕೆ ಈಗ ಮೂರು ತಿಂಗಳು. ಸೂರ್ಯ ಹುಟ್ಟುವ ಮೊದಲು ಬಂದು, ಸಂಜೆಯ ಗಾಡಿ ಹೋದ ಮೇಲೆ ಮನೆಗೆ ಹೋಗುವುದು. ವಾರದ ರಜೆಯೂ ಇಲ್ಲ.

ಅದು ಅರವತ್ತನಾಲ್ಕರ ಬೇಸಗೆ. ಶರಾವತಿಗೆ ಕಟ್ಟಿದ ಅಣೆಯ ನೀರು ಬರುತ್ತದೆಂದು ಊರು ಬಿಟ್ಟವರು ಪಾತ್ರೆ, ಚಾಪೆ, ಒನಕೆ, ಕೋಳಿ ಪಂಜರ ಕಟ್ಟಿಕೊಂಡು ಸ್ಟೇಷನ್ನಿಗೆ ಬರುತ್ತಿದ್ದರು. ಎಲ್ಲರದೂ ಥರ್ಡ್ ಕ್ಲಾಸ್ ಟಿಕೀಟು. ವೇಟಿಂಗ್ ರೂಮು ಅವರಿಗಲ್ಲ. ಆದರೆ ಮಗುವಿಗೆ ಒಂದು ಚೊಂಬು ನೀರು ಕೊಡು ತಾಯಿ ಎಂದವರಿಗೆ ಇಲ್ಲ ಎನ್ನುವುದು ಹೇಗೆ? ಆ ದಿನ ಬೆಳಗಿನಿಂದ ಬಾವಿಯಲ್ಲಿ ಎಷ್ಟು ಕೊಡ ಸೇದಿದಳೋ, ಅಂಗೈ ಉರಿಯುತ್ತಿತ್ತು.

ರಿಪ್ಪನ್‌ಪೇಟೆಯ ಬಸ್ಸು ಬಂದು ನಿಂತದ್ದೂ ಅವಳಿಗೆ ಕೇಳಲಿಲ್ಲ. ಕೇಳಿದ್ದು ಬಾಗಿಲಲ್ಲಿ ಒಂದು ಗಂಡಸಿನ ದನಿ.

"ಏಯ್! ಏಳೇ ಮೇಲೆ! ಇದೇನು ನಿನ್ನಪ್ಪನ ಮನೆ ಜಗಲಿಯಾ?"

ಧಡಕ್ಕನೆ ಎದ್ದಳು. ಹೊಸ್ತಿಲಾಚೆ ಕರಿ ಕೋಟು, ಜರಿ ರುಮಾಲಿನ ಗೌಡರೊಬ್ಬರು ನಿಂತಿದ್ದರು. ಅವರ ಹಿಂದೆ, ಪ್ಲಾಟ್‌ಫಾರಮ್ಮಿನ ಮರದ ಬೆಂಚಿನಲ್ಲಿ, ಹೊಟ್ಟೆಗೆ ಕೈ ಒತ್ತಿಕೊಂಡು ಬಿಳಿಚಿದ ಮುಖದ ಹೆಂಗಸೊಬ್ಬಳು ಕೂತಿದ್ದಳು.

"ಬಿಡೀಂದ್ರೆ, ಮಲಗ್ಲಿ ಪಾಪ" ಎಂದಳು ಆ ಹೆಂಗಸು.

"ಏನ್ ಮಲಗ್ಲಿ? ದುಡ್ಡು ಕೊಟ್ಟು ಫಸ್ಟ್ ಕ್ಲಾಸ್ ತಗೊಂಡು ನೀನು ಬಿಸಿಲಲ್ಲಿ ಕೂರೋದು, ಅವಳು ಕುರ್ಚೀಲಿ ಗೊರಕೆ ಹೊಡೆಯೋದಾ?"

ಗುತ್ಯಮ್ಮ ಹೋಗಿ ಆ ಹೆಂಗಸಿನ ತೋಳು ಹಿಡಿದು ಒಳಗೆ ಕರೆತಂದು ಕುರ್ಚಿಯಲ್ಲಿ ಒರಗಿಸಿದಳು. ಒಲೆ ಹೊತ್ತಿಸಿ ನೀರು ಬಿಸಿ ಮಾಡಿ ಕೊಟ್ಟಳು. ಅಷ್ಟರಲ್ಲಿ ಗೌಡರು ಸ್ಟೇಷನ್ ಮಾಸ್ಟರ ಕೋಣೆಯಲ್ಲಿ ದೂರಿನ ಪುಸ್ತಕ ಕೇಳಿ ಪಡೆದು ಪುಟದ ತುಂಬ ಬರೆದಿದ್ದರು. ಹೊಸನಗರದ ಕಡೆಯ ಮಂಜಯ್ಯಗೌಡರು. ಹೆಂಡತಿ ವರದಮ್ಮನನ್ನು ಆಪರೇಷನ್ನಿಗೆ ಬೆಂಗಳೂರಿಗೆ ಕರೆದೊಯ್ಯುತ್ತಿದ್ದವರು. ಇದೆಲ್ಲ ಗುತ್ಯಮ್ಮನಿಗೆ ಗೊತ್ತಾದದ್ದು ಅವರ ರೈಲು ಹೋದ ಮೇಲೆ, ಸ್ಟೇಷನ್ ಮಾಸ್ಟರು ಆ ಪುಟವನ್ನು ಓದಿ ಹೇಳಿದಾಗ.

"ಇದನ್ನು ಮೇಲಕ್ಕೆ ಕಳಿಸದೆ ವಿಧಿಯಿಲ್ಲ" ಎಂದರು ಅವರು. ಕೆಟ್ಟ ಮನುಷ್ಯರಲ್ಲ. ಅವರೂ ಊಟದ ಡಬ್ಬಿಯನ್ನು ಮೂರು ಗಂಟೆಗೆ ಬಿಚ್ಚುವವರೇ. "ವಿಚಾರಣೆಗೆ ಬರ್ತಾರೆ. ಜ್ವರ ಬಂದಿತ್ತು, ತಲೆ ತಿರುಗಿ ಬಿದ್ದೆ ಅಂತ ಹೇಳು. ಡಾಕ್ಟರ ಚೀಟಿ ನಾನು ಕೊಡಿಸ್ತೀನಿ."

ಒಂಬತ್ತನೇ ದಿನ ರೈಲ್ವೆಯ ಇನ್ಸ್‌ಪೆಕ್ಟರು ಬಂದರು. ಹುಬ್ಬಳ್ಳಿ ಕಡೆಯ ಮಾತು, ಎಲೆ ಅಡಿಕೆಯ ಬಾಯಿ. ಮೇಜಿನ ಮುಂದೆ ಗುತ್ಯಮ್ಮನನ್ನು ನಿಲ್ಲಿಸಿ ಕೇಳಿದರು.

"ಏನವಾ, ಆರಾಮ ಇರಲಿಲ್ಲೇನು ಅವತ್ತು?"

ಸ್ಟೇಷನ್ ಮಾಸ್ಟರು ಕೆಮ್ಮಿದರು. ಗುತ್ಯಮ್ಮನಿಗೆ ಜ್ವರ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಜ್ವರ ಎಂದರೆ ಯಾವತ್ತಿಂದ, ಯಾವ ಮದ್ದು ಎಂದು ಕೇಳುತ್ತಾರೆ. ಆಮೇಲೆ ಆ ಸುಳ್ಳನ್ನು ಹೊತ್ತುಕೊಂಡು ತಿರುಗಬೇಕು. ಅದನ್ನೂ ಹೊರುವ ತ್ರಾಣ ಅವಳಿಗಿರಲಿಲ್ಲ.

"ಆರಾಮಿದ್ದೆ ಸ್ವಾಮಿ. ನಿದ್ದೆ ಬಂತು. ಕೂತೆ. ಮಲಗಿಬಿಟ್ಟೆ."

ಇನ್ಸ್‌ಪೆಕ್ಟರು ಪೆನ್ನು ಎತ್ತಿ ಹಿಡಿದರು. "ಡ್ಯೂಟಿ ಎಷ್ಟ ತಾಸು ನಿಂದು?"

"ಗಂಟೆ ಲೆಕ್ಕ ನಂಗೊತ್ತಿಲ್ಲ ಸ್ವಾಮಿ. ಬೆಳಗಿನ ಗಾಡಿಗೂ ನಾನೇ, ಸಂಜೆ ಗಾಡಿಗೂ ನಾನೇ. ರಂಗಮ್ಮ ಹೋದಾಗಿಂದ."

"ರಜಾ?"

"ಯಾರು ಕೊಡ್ತಾರೆ? ನಾನು ಹೋದ್ರೆ ರೂಮಿಗೆ ಬೀಗವೇ."

ಇನ್ಸ್‌ಪೆಕ್ಟರು ಸ್ಟೇಷನ್ ಮಾಸ್ಟರ ಮುಖ ನೋಡಿದರು. ಸ್ಟೇಷನ್ ಮಾಸ್ಟರು ಇನ್ನೊಬ್ಬ ಆಯಾ ಬೇಕೆಂದು ತಾವು ಮೇಲಕ್ಕೆ ಬರೆದ ಮೂರು ಕಾಗದಗಳ ನಕಲನ್ನು ಫೈಲಿನಿಂದ ತೆಗೆದು ಮುಂದಿಟ್ಟರು. ಒಂದಕ್ಕೂ ಉತ್ತರ ಬಂದಿರಲಿಲ್ಲ. ಇನ್ಸ್‌ಪೆಕ್ಟರು ಬಹಳ ಹೊತ್ತು ಬರೆದರು. "ಮಲಗಿದ್ದು ತಪ್ಪೇ ಬಿಡು" ಎಂದರು ಎದ್ದು ನಿಲ್ಲುತ್ತ. "ಆದರ ಹೇಳಿದ್ದು ಚಲೋ ಮಾಡಿದಿ."

ಹದಿನೈದು ದಿನಕ್ಕೆ ಆರ್ಡರು ಬಂತು. ನಾಲ್ಕು ದಿನ ಸಸ್ಪೆಂಡು. ಓದಿ ಹೇಳುವಾಗ ಸ್ಟೇಷನ್ ಮಾಸ್ಟರ ದನಿ ಇಳಿದಿತ್ತು. ಹಳಿ ಬದಲಿಸುವ ಪಾಯಿಂಟ್ಸ್‌ಮನ್ ವಾಸಪ್ಪ, "ಅಳಬೇಡ ಗುತ್ಯಮ್ಮ" ಎಂದ. ಅವಳೇನೂ ಅಳುತ್ತಿರಲಿಲ್ಲ. ಬೀಗದ ಕೈ ಅವನ ಕೈಯಲ್ಲಿಟ್ಟು, ಇಕ್ಕೇರಿ ಹತ್ತಿರದ ತಮ್ಮ ಮಾಸ್ತಪ್ಪನ ಮನೆಗೆ ನಡೆದುಕೊಂಡೇ ಹೋದಳು. ಅಲ್ಲಿ ಒಂದು ಹಗಲು ಪೂರ್ತಿ ಮಲಗಿದಳು. ನಾದಿನಿ ಎರಡು ಸಲ ಬಂದು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ನೋಡಿ ಹೋದಳಂತೆ. ಎರಡನೇ ದಿನದಿಂದ ಮಾತ್ರ ನಸುಕಿಗೇ ಎಚ್ಚರವಾಗತೊಡಗಿತು. ಬಾವಿಕಟ್ಟೆಗೆ ಹೋಗಿ ಯಾರೂ ಕೇಳದಿದ್ದರೂ ನೀರು ಸೇದಿಟ್ಟಳು.

ಕೆಲಸಕ್ಕೆ ಮರಳಿ ವಾರವಾಗಿರಬೇಕು. ಮಧ್ಯಾಹ್ನದ ರೈಲಿನಿಂದ ಮಂಜಯ್ಯಗೌಡರು ಇಳಿದರು. ಹಿಂದೆಯೇ ವರದಮ್ಮ, ಮೆಟ್ಟಿಲಿಗೆ ಕಾಲಿಡಲು ಹೆದರುತ್ತ. ಗುತ್ಯಮ್ಮ ಹೋಗಿ ಕೈ ಕೊಟ್ಟಳು. ಗೌಡರು ಗುರುತು ಹಿಡಿದು ಮುಖ ಆಚೆ ತಿರುಗಿಸಿ, ಬಸ್ಸು ವಿಚಾರಿಸುತ್ತೇನೆಂದು ಹೊರಟರು.

ಒಳಗೆ ಕೂತ ಮೇಲೆ ವರದಮ್ಮ ಕೇಳಿದಳು. "ನಿಂಗೇನಾದ್ರೂ ಮಾಡಿದ್ರೇನೇ?"

"ನಾಕು ದಿನ ಮನೆಗೆ ಕಳ್ಸಿದ್ರು ಅಮ್ಮ."

"ಅಯ್ಯೋ. ಬರೀಬೇಡಿ ಅಂತ ಬಡ್ಕೊಂಡೆ, ಕೇಳ್ಬೇಕಲ್ಲ." ವರದಮ್ಮ ಸೆರಗಿನಿಂದ ಕತ್ತು ಒರೆಸಿಕೊಂಡಳು. "ನಿಜ ಹೇಳ್ಲಾ? ಅವತ್ತು ನಾನು ಒಳಗೆ ಬಂದು ನಿನ್ನ ನೋಡ್ತಾ ನಿಂತಿದ್ದೆ. ಎಂಟು ತಿಂಗಳಿಂದ ಈ ನೋವಲ್ಲಿ ಒಂದು ಹೊತ್ತು ಕಣ್ಣು ಮುಚ್ಚಿರ್ಲಿಲ್ಲ ಕಣೇ. ಬಾಯಿ ತಕ್ಕೊಂಡು ಮಗು ಥರ ಮಲಗಿದ್ದೆ ನೀನು. ನಂಗೆ ಹೊಟ್ಟೆಕಿಚ್ಚಾಯ್ತು. ಎಬ್ಬಿಸೋಕೆ ಮನಸ್ಸು ಬರ್ದೆ ಹೊರಗೆ ಹೋಗಿ ಕೂತೆ."

ಗುತ್ಯಮ್ಮ, "ಈಗ ನಿದ್ದೆ ಬರುತ್ತಾ?" ಎಂದಳು.

"ಆಸ್ಪತ್ರೇಲಿ ಬಂತು. ಮನೇಲಿ ನೋಡ್ಬೇಕು. ಮೂರು ತಿಂಗಳಿಗೆ ಮತ್ತೆ ಬಾ ಅಂದಿದಾರೆ."

ಹೊರಗೆ ಬಸ್ಸು ಹಾರನ್ ಹೊಡೆಯಿತು. ಗುತ್ಯಮ್ಮ ಅವಳನ್ನು ಬಸ್ಸಿನವರೆಗೂ ಹಿಡಿದುಕೊಂಡು ಹೋಗಿ, ಕಿಟಕಿಯ ಪಕ್ಕ ಕೂರಿಸಿದಳು. ಗೌಡರು ಗಂಟಲು ಸರಿಮಾಡಿಕೊಂಡು, "ಆಯ್ತು, ಉಪಕಾರ" ಎಂದಷ್ಟೇ ಹೇಳಿದರು.

ಆಷಾಢದಲ್ಲಿ ಹೊಸ ಆಯಾ ಶಾಂತಮ್ಮ ಬಂದಳು. ಚುರುಕಿನವಳು, ಬಾಯಿ ಸ್ವಲ್ಪ ಜೋರು. ಬೆಳಗಿನ ಪಾಳಿ ಅವಳಿಗೆ ಹೋಯಿತು. ಮೊದಮೊದಲು ಗುತ್ಯಮ್ಮನಿಗೆ ಬೆಳಗ್ಗೆ ಮನೆಯಲ್ಲಿ ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಆಮೇಲಾಮೇಲೆ ಬಿಸಿ ಗಂಜಿ ಬಿಸಿಯಿದ್ದಾಗಲೇ ಕುಡಿಯುವುದು ರೂಢಿಯಾಯಿತು.

ಸೊಂಟದ ನೋವು ಹೋಗಲಿಲ್ಲ. ರಿಪ್ಪನ್‌ಪೇಟೆಯ ಬಸ್ಸು ಬಂದಾಗೆಲ್ಲ ಇಳಿಯುವವರ ಮುಖ ನೋಡುತ್ತಿದ್ದಳು. ಒಂದು ದಿನ ಪಾಳಿ ವಹಿಸಿಕೊಳ್ಳಲು ಬಂದಾಗ ಶಾಂತಮ್ಮನೇ ಹೇಳಿದಳು.

"ಹೊಸನಗರದ ಕಡೆ ಗೌಡತಿಯಂತೆ, ಬೆಳಗಿನ ಗಾಡಿಗೆ ಬೆಂಗಳೂರಿಗೆ ಹೋದ್ರು. ಆ ಇನ್ನೊಬ್ಬಳು ಎಲ್ಲಿ ಅಂತ ಕೇಳಿದ್ರು. ಮನೇಲಿ ಬಿದ್ಕೊಂಡಿರ್ಬೇಕು ಅಂದೆ. ನಕ್ಕಿದ್ದೇ ನಕ್ಕಿದ್ದು."

"ಹೆಂಗಿದ್ರು?"

"ಸಣಕಲು. ಆದ್ರೆ ಯಾರ ಕೈನೂ ಹಿಡೀದೆ ನಡ್ಕೊಂಡು ಬಂದ್ರು."

ಗುತ್ಯಮ್ಮ ಬೀಗದ ಕೈ ಗೊಂಚಲು ಇಸಿದುಕೊಂಡು, ಹಂಡೆಯ ಮುಚ್ಚಳ ತೆಗೆದು ನೀರು ಎಷ್ಟಿದೆ ನೋಡಿದಳು.