ಕ್ಯಾಪ್ಟನ್ ಸಾಹೇಬನ ಉಯಿಲು

ಹುಸ್ನಾ ಮೂರನೆಯ ರೊಟ್ಟಿ ಬಡಿಯುತ್ತಿದ್ದಳು. ನಾಳೆ ಅಣ್ಣ ಮಸ್ಕಿಯಿಂದ ಬರುವವನಿದ್ದ. ಅಪ್ಪನ ಹೊಲದಲ್ಲಿ ತನಗೆ ಪಾಲು ಬೇಡವೆಂದು ಅವಳು ಸಹಿ ಹಾಕಬೇಕಿತ್ತು. ಅಕ್ಕತಂಗಿಯರು ಹಾಗೆ ಹಾಕುವುದೇ ರೂಢಿ. ಬದಲಿಗೆ ಹಬ್ಬಕ್ಕೊಂದು ಸೀರೆ ಬರುತ್ತದೆ.

ಅಷ್ಟರಲ್ಲಿ ಗಂಡ ಮುಷರಫ್ ಮೊಬೈಲ್ ಹಿಡಿದು ಒಳಗೆ ಬಂದ. ಹಿಂದೆ ಲಿಂಗಸುಗೂರಿನ ದಂಡಿನಲ್ಲಿದ್ದ ಇಂಗ್ಲಿಷ್ ಕ್ಯಾಪ್ಟನ್ನೇ ತನ್ನ ವಂಶದ ಮೂಲಪುರುಷನೆಂದೂ ಅವನನ್ನು ಕಟ್ಟಿಕೊಂಡವಳೇ ತನ್ನ ದೊಡ್ಡಜ್ಜಿಯೆಂದೂ ಅವನು ಊರಿಗೆಲ್ಲ ಹೇಳಿಕೊಂಡಿದ್ದ. ಈಗ ಅವನು ಕೇಳಿದ್ದಕ್ಕೆ ಲಂಡನ್ನಿನ ದಫ್ತರದಿಂದ ಆ ಸಾಹೇಬನ ಉಯಿಲಿನ ನಕಲೇ ಮೊಬೈಲಿಗೆ ಬಂದಿತ್ತು, ಕೋರ್ಟಿನ ಮೊಹರಿನ ಸಮೇತ.

"ಓದಬೇ, ನಿನಗ ಇಂಗ್ಲಿಷ್ ಬರ್ತೈತಿ. ನಮ್ಮ ದೊಡ್ಡಜ್ಜಿಗೆ ಏನು ಬರದಾನ?"

ಹಿಟ್ಟಿನ ಕೈ ಒರೆಸಿಕೊಂಡು ಓದಿದಳು. ಬಂದೂಕು ತಮ್ಮನಿಗೆ. ಬೆಳ್ಳಿ ಚಮಚಗಳು ಅಕ್ಕನಿಗೆ. ಡ್ಯೂಕ್ ಎಂಬ ಕುದುರೆ ಗೆಳೆಯನಿಗೆ. ಅದಕ್ಕೆ ದಿನಾ ಹುರುಳಿ ಬೇಯಿಸಿ ಹಾಕಬೇಕು. ಕೊನೆಗೆ, ಮನೆಯಲ್ಲಿರುವ ಹೆಂಗಸಿಗೆ ಎರಡು ಕಂಬಳಿ.

"ಅಜ್ಜಿ ಹೆಸರು?"

"ಕುದುರೀದು ಬರದಾನ್ರೀ."

"ಇರ್ಲಿ ಬಿಡು, ಸಾಹೇಬನ ಕಂಬಳಿ ಅಂದ್ರ ಸಾದಾ ಕಂಬಳಿ ಏನು!" ಮುಷರಫ್ ಗೆಳೆಯರಿಗೆ ಫೋನ್ ಹಚ್ಚುತ್ತ ಹೊರಟ. ಬಾಗಿಲಲ್ಲಿ ನಿಂತು ತಿರುಗಿದ. "ನಾಳೆ ನಿಮ್ಮಣ್ಣಗ ಸಹಿ ಮಾಡಿಕೊಡು, ತಕರಾರು ಮಾಡಬ್ಯಾಡ. ನಮ್ಮದು ಖಾಂದಾನಿ ಮನೆತನ."

"ಅದಂತೂ ಕಾಣಸ್ತೈತ್ರೀ," ಎಂದಳು ಹುಸ್ನಾ.

ಅಣ್ಣ ಬರಲಿ, ಹೊಟ್ಟೆ ತುಂಬ ಉಣ್ಣಲಿ. ಸಹಿಯನ್ನು ಮಾತ್ರ ಅವಳು ಮಾಡುವವಳಲ್ಲ. ಅದನ್ನು ಈಗಲೇ ಯಾರಿಗೂ ಹೇಳುವ ಜರೂರು ಅವಳಿಗೆ ಕಾಣಲಿಲ್ಲ.