ಸೊಂಟದ ಸುಳ್ಳು

"ಅಷ್ಟು ಖುಷಿಯಾಗಿ ತಿರುಚಬೇಡ ಕಣೇ. ಅದು ಹಿಂಡೋ ಬಟ್ಟೆ ಅಲ್ಲ, ನನ್ನ ಕಾಲು," ಎಂದಳು ಅಕ್ಕ.

"ಖುಷಿ ಒಂದು ಕೇಡು ನಂಗೆ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ, ಬೇಗ ಮಡಚು," ಎಂದಳು ತಂಗಿ.

ಅಕ್ಕ ಗೋಡೆಗೆ ಒತ್ತಿಟ್ಟ ಎತ್ತರದ ಮರದ ಕುರ್ಚಿಯಲ್ಲಿದ್ದಳು. ತಂಗಿ ನೆಲದಲ್ಲಿ ಕುಕ್ಕರುಗಾಲಲ್ಲಿ ಕೂತು, ಅವಳ ಪಾದ ಹಿಡಿದು ಕುರ್ಚಿಯ ಅಡಿಗೆ ತಳ್ಳುತ್ತಿದ್ದಳು. ಮಂಡಿಯ ಮೇಲೆ ಉದ್ದಕ್ಕೆ ಎಳೆದ ಗಾಯ ಆಗಷ್ಟೇ ಒಣಗಿತ್ತು.

ಆ ಮಂಡಿಗೆ ಮಡಚುವುದೇ ಮರೆತುಹೋಗಿತ್ತು. ಅಕ್ಕನಿಗೆ ಹಾಲುಹಲ್ಲು ಬೀಳುವ ವಯಸ್ಸಿನಲ್ಲಿ ಕೀಲಿಗೆ ಕ್ಷಯ ಹತ್ತಿತ್ತು. ಪ್ಲಾಸ್ಟರ್ ಹಾಕಿ, ಮಾತ್ರೆ ನುಂಗಿಸಿ, ರೋಗವೇನೋ ಹೋಯಿತು. ಕಾಲು ಮಾತ್ರ ಕೋಲಿನ ಹಾಗೆ ಸೆಟೆದು ನಿಂತಿತು. ಬಸ್ಸಿನಲ್ಲಿ ಕೂತರೆ ಓಡಾಡುವ ದಾರಿಗೆ ಅದು ಅಡ್ಡ. "ಗೇಟು ತೆಗೀರಮ್ಮಾ" ಎಂದು ಕಂಡಕ್ಟರ್ ಒಮ್ಮೆ ಕೂಗಿದ್ದೇ ಸಾಕು, ಬಟ್ಟೆ ಕಾರ್ಖಾನೆಯಲ್ಲಿ ಅವಳಿಗೆ ಗೇಟಕ್ಕ ಎಂಬ ಹೆಸರು ಅಂಟಿಕೊಂಡಿತು. ತಂಗಿ ಅಲ್ಲೇ ಹೊಲಿಗೆ ಮೆಷಿನ್ ತುಳಿಯುತ್ತಿದ್ದಳು. ಮೆಷಿನ್ನಿಗೆ ಕೂರಲಾಗದ ಅಕ್ಕ ಬಟ್ಟೆ ಕತ್ತರಿಸುವ ಮೇಜಿಗೆ ನಿಂತಳು, ನಿಂತೇ ತಲೆ ನರೆಸಿಕೊಂಡಳು.

ಆ ಸೆಟೆದ ಕಾಲು ನೋಯುತ್ತಿರಲಿಲ್ಲ. ಅದನ್ನು ಎಳೆದೂ ಎಳೆದೂ ಬೆನ್ನು ಕೂತುಹೋಯಿತು, ಒಳ್ಳೆಯ ಮಂಡಿ ಸವೆಯಿತು. ಆಪರೇಷನ್ ಮಾಡಿಸು ಎಂದು ತಂಗಿ ಬೆನ್ನು ಬಿದ್ದಳು. ಹಳೆಯ ರೋಗ ಒಳಗೆಲ್ಲೂ ಅಡಗಿಲ್ಲವೇ ಎಂದು ಡಾಕ್ಟರು ಪರೀಕ್ಷೆಯ ಮೇಲೆ ಪರೀಕ್ಷೆ ಮಾಡಿಸಿ, ಮುನ್ನೆಚ್ಚರಿಕೆಗೆ ಕ್ಷಯದ ಮಾತ್ರೆ ಮತ್ತೆ ಶುರುಮಾಡಿ, ಕೀಲು ಬದಲಿಸಿದರು.

"ಬದಲಿಸೋದು ನನ್ನ ಕೆಲಸ, ಮಡಚೋದು ನಿಮ್ಮದು," ಎಂದಿದ್ದರು ಹೊಲಿಗೆ ಬಿಚ್ಚುವಾಗ. "ಸುಮ್ನಿದ್ರೆ ಒಳಗೆ ಮತ್ತೆ ಅಂಟ್ಕೊಳ್ಳುತ್ತೆ. ಸೋಮವಾರ ನೋಡ್ತೀನಿ. ಸಾಲದಿದ್ರೆ ಅರಿವಳಿಕೆ ಕೊಟ್ಟು ನಾನೇ ಬಗ್ಗಿಸ್ಬೇಕಾಗುತ್ತೆ. ಹಾಗೆ ಮಾಡುವಾಗ ಮೂಳೆ ಬಿರುಕು ಬಿಡೋ ಭಯಾನೂ ಇದೆ."

ಅಂದಿನಿಂದ ಅಕ್ಕನ ಜೀವಕ್ಕೆ ನೆಮ್ಮದಿಯಿರಲಿಲ್ಲ. ದಿನವೂ ಹೆಬ್ಬೆರಳು ಎಲ್ಲಿವರೆಗೆ ಹಿಂದೆ ಸರಿಯಿತೋ ಅಲ್ಲಿ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ನೆಲಕ್ಕೆ ಗೆರೆ ಎಳೆಸುತ್ತಿದ್ದಳು. ಗೆರೆಗಳು ಕುರ್ಚಿಯ ಅಡಿಗೆ ಸಾಲಾಗಿ ನಡೆದಿದ್ದವು. ಅವನ್ನು ನೋಡಿದಾಗ ಮಾತ್ರ ಅವಳು ಬೈಯುವುದು ನಿಲ್ಲಿಸುತ್ತಿದ್ದಳು.

ಇವತ್ತು ತಂಗಿ ಥಟ್ಟನೆ ಪಾದ ಬಿಟ್ಟು ಪಕ್ಕಕ್ಕೆ ವಾಲಿ ನೋಡಿದಳು.

"ಅಕ್ಕಾ, ಕೂತ್ಕೋ."

"ಕೂತೇ ಇದೀನಲ್ಲ, ಕಣ್ಣಿಲ್ವಾ?"

"ಅರ್ಧ ಕೂತಿದೀಯ. ಇನ್ನರ್ಧ ಗಾಳಿಲಿದೆ."

ಅಕ್ಕನ ಆ ಬದಿಯ ಕುಂಡೆಗೂ ಕುರ್ಚಿಗೂ ನಡುವೆ ತಂಗಿಯ ಕೈ ಸಲೀಸಾಗಿ ತೂರಿತು. ತಂಗಿ ಎದ್ದು ಅವಳ ಸೊಂಟವನ್ನು ಎರಡೂ ಕೈಯಲ್ಲಿ ಕೆಳಕ್ಕೆ ಅದುಮಿದಳು. ಪಾದ ಸರ್ರನೆ ಮುಂದಕ್ಕೆ ಜಾರಿ, ವಾರದ ಗೆರೆಗಳನ್ನೆಲ್ಲ ದಾಟಿ, ಮೊದಮೊದಲ ಗೆರೆಗಳ ಹತ್ತಿರ ನಿಂತಿತು.

"ನೀನೇ ಒದ್ದೆ!" ಅಕ್ಕ ಕಿರುಚಿದಳು.

"ನಾನ್ಯಾಕೆ ಒದೀಲಿ? ಮಂಡಿ ಬಗ್ಗೇ ಇಲ್ಲ. ಸೊಂಟ ಎತ್ತಿ ಪಾದ ಹಿಂದಕ್ಕೆ ಹಾಕಿದೀಯ, ಇಷ್ಟು ದಿನಾನೂ. ಯಾರಿಗೆ ಟೋಪಿ ಹಾಕ್ತಿದೀಯ?"

"ನಿಂಗೆ ಬೇಕಾದ್ದು ಇದೇ ಅಲ್ವಾ? ಗಟ್ಟಿ ಕಾಲು ಕುಯ್ಸಿದೆ. ನನ್ನ ಮೇಜಿಗೆ ನಿನ್ನ ಗೆಳತೀನ ನಿಲ್ಲಿಸ್ದೆ."

"ಹೂಂ, ಅದಕ್ಕೇ ದಿನಾ ನಿನ್ನ ಕಾಲು ಹಿಡೀತಿರೋದು. ನಾಳೆ ಅದಕ್ಕೆ ನಂಗೆ ಸನ್ಮಾನ ಇಟ್ಕೊಂಡಿದಾರೆ, ನೀನೂ ಬಾ."

ಹಾಲು ಉಕ್ಕಿದ ವಾಸನೆ ಬಂತು. ತಂಗಿ ಶಾಪ ಹಾಕುತ್ತಾ ಒಳಗೋಡಿದಳು.

ಅಕ್ಕ ಒಬ್ಬಳೇ ಉಳಿದಳು. ತನ್ನ ಕೈಯನ್ನೇ ಕುಂಡೆಯ ಅಡಿಗಿಟ್ಟುಕೊಂಡು ಪಾದವನ್ನು ಹಿಂದಕ್ಕೆಳೆದಳು. ಕೈಯ ಮೇಲಿನ ಭಾರ ತಾನಾಗಿ ಹಗುರಾಯಿತು. ಮತ್ತೆ ಎಳೆದಳು, ಏಳಬಾರದು ಎಂದು ಹಲ್ಲು ಕಚ್ಚಿದಳು. ಆದರೂ ಎದ್ದಿತು. ಮೆಟ್ಟಿಲು ಹತ್ತುವಾಗ, ಬಸ್ಸು ಏರುವಾಗ, ಹೊಸಿಲು ದಾಟುವಾಗ, ಮಂಡಿಯ ಪಾಲಿನ ಕೆಲಸವನ್ನೂ ಸೊಂಟವೇ ಮಾಡಿಕೊಂಡು ಬಂದಿತ್ತು. ಅದು ಯಾರ ಅಪ್ಪಣೆಯನ್ನೂ ಕಾಯುತ್ತಿರಲಿಲ್ಲ. ಹೀಗೇ ಹೋಗಿ ಡಾಕ್ಟರ ಮುಂದೆ ಕೂತರೆ? ಅಕ್ಕ ಒಳಗೆ ಕೇಳುವಂತೆ ಕೂಗಿದಳು.

"ಏಯ್! ಪ್ಯಾಂಟಿನ ಸೊಂಟಪಟ್ಟಿಗೆ ತಂದ ಗಟ್ಟಿ ಕ್ಯಾನ್ವಾಸ್ ಬಟ್ಟೆ ಉಳಿದಿತ್ತಲ್ಲ, ತಗೊಂಬಾ!"

ತಂಗಿ ಮಸಿಬಟ್ಟೆ ಹಿಡಿದೇ ಬಾಗಿಲಿಗೆ ಬಂದಳು. "ಯಾಕೆ, ನೇಣಿಗಾ?"

"ನಿಂಗೆ ಆಮೇಲೆ. ಮೊದ್ಲು ನನ್ನ ಕಟ್ಟು. ಕುರ್ಚಿ ಸಮೇತ."

ತಂಗಿ ಮಿಕಿಮಿಕಿ ನೋಡಿದಳು.

"ಏನು ನೋಡ್ತೀಯ? ಜಾರೋ ಬಟ್ಟೆನ ಪಿನ್ ಹಾಕದೆ ಅಳೆದ್ರೆ ಅಳತೆ ಬರುತ್ತಾ? ಕಟ್ಟೇ!"

ತಂಗಿ ಅವಳ ತೊಡೆಸಂದಿಯ ಮೇಲೆ ಕ್ಯಾನ್ವಾಸ್ ಹಾಯಿಸಿ, ಕುರ್ಚಿಯ ಅಡಿಯಿಂದ ತಂದು ಬಿಗಿದಳು. ಸಿಟ್ಟೂ ಸೇರಿ ಗಂಟು ಚೆನ್ನಾಗೇ ಬಿಗಿಯಾಯಿತು. ಆಮೇಲೆ ನೆಲದಲ್ಲಿ ಕೂತು ಪಾದ ಹಿಡಿದಳು.

ಈ ಸಲ ಸೊಂಟಕ್ಕೆ ಏಳಲು ದಾರಿ ಇರಲಿಲ್ಲ. ನೋವು ನೇರ ಮಂಡಿಗೇ ಇಳಿಯಿತು. ಅಕ್ಕ ಕುರ್ಚಿಯ ಕೈ ಹಿಡಿದು ತಂಗಿಯ ನಾಲಿಗೆಗೆ, ಕೈಗೆ, ಹುಟ್ಟಿದ ಗಳಿಗೆಗೆ, ಎಲ್ಲಕ್ಕೂ ಬೈದಳು. ತಂಗಿ ತಳ್ಳುತ್ತಲೇ ಇದ್ದಳು. ಅವಳ ಕೆನ್ನೆಯ ಮೇಲೂ ನೀರಿಳಿಯುತ್ತಿತ್ತು.

"ಬಿಡ್ಲಾ?"

"ಬಿಟ್ರೆ ಕೈ ಕತ್ತರಿಸ್ತೀನಿ."

ಒಳಗೆಲ್ಲೋ ಗಟ್ಟಿ ದಾರ ಹರಿದಂತೆ ಪಟಕ್ಕೆಂದಿತು. ಹೆಬ್ಬೆರಳು ಒಂದು ಗೆರೆ ದಾಟಿ, ಮುಂದಿನದನ್ನು ಮುಟ್ಟದೆ ನಿಂತಿತು.

"ಸೋಮವಾರಕ್ಕೆ ಸಾಲುತ್ತೇನೇ?" ಎಂದಳು ಅಕ್ಕ, ಉಸಿರು ಸಿಕ್ಕ ಮೇಲೆ.

"ಸಾಲಲ್ಲ."

"ಗೊತ್ತು ನಂಗೆ. ಮತ್ಯಾಕೆ ಕಲ್ಲಿನ ಹಾಗೆ ಕೂತಿದೀಯ? ತಳ್ಳು."