ಕೊನೆಯ ಸ್ಕ್ರೂ

ಆ ಮನೆಯಲ್ಲಿ ಮಾವ ಅಂದರೆ ಕೊನೆಯ ಸ್ಕ್ರೂ ಬಿಗಿಯುವವರು. ಗೀಸರ್ ಇರಲಿ, ಬಾವಿಯ ಮೋಟಾರ್ ಇರಲಿ, ಕಾರಂಜಿಯ ಪಂಪ್ ಇರಲಿ, ಮಗ ಪೈಪು ಜೋಡಿಸಬೇಕು, ಸೊಸೆ ವೈರು ಎಳೆಯಬೇಕು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸ್ಕ್ರೂ ಉಳಿಸಿ ಇಬ್ಬರೂ ಪಕ್ಕಕ್ಕೆ ಸರಿದು ನಿಲ್ಲಬೇಕು. ಆಗ ಮಾವ ಗಂಟಲು ಸರಿಮಾಡಿಕೊಂಡು ಮುಂದೆ ಬಂದು, ಅದನ್ನು ತಿರುಗಿಸಿ, "ಹಾಂ, ಈಗ ಹಾಕಿ" ಅನ್ನಬೇಕು. ನೀರಿನ ಕೆಲಸವಾದರೆ ಇನ್ನೂ ಒಂದು ಶಾಸ್ತ್ರವಿತ್ತು. ಕೊನೆಯ ಸ್ಕ್ರೂ ಬಿಗಿದವರೇ ಮೊದಲು ನೀರಿಗೆ ಇಳಿಯಬೇಕು. ತನ್ನ ಕೆಲಸದ ಮೇಲೆ ತನಗೇ ನಂಬಿಕೆ ಇಲ್ಲದವನು ಬೇರೆಯವರನ್ನು ಯಾವ ಮುಖ ಇಟ್ಟುಕೊಂಡು ನೀರಿಗೆ ಕಳಿಸುತ್ತಾನೆ ಎಂಬುದು ಅವರ ವಾದ. ಕೇಳಲು ಬಹಳ ಚೆನ್ನಾಗಿದೆ. ಕರೆಂಟಿಗೆ ಮಾತ್ರ ನಂಬಿಕೆ, ಮರ್ಯಾದೆ, ಹಿರಿತನ ಯಾವುದೂ ಗೊತ್ತಾಗುವುದಿಲ್ಲ, ಅಷ್ಟೇ ತೊಂದರೆ.

ಬೇರೆಯವರು ಜೇಬಿಗೆ ಪೆನ್ನು ಸಿಕ್ಕಿಸಿಕೊಂಡರೆ ಅವರು ಟೆಸ್ಟರ್ ಸಿಕ್ಕಿಸಿಕೊಳ್ಳುತ್ತಿದ್ದರು. ಮದುವೆಮನೆಗೆ ಹೋಗುವಾಗಲೂ ಅದು ಅಲ್ಲೇ. ಬೀದಿಯವರಿಗೆಲ್ಲ ಅವರು ಟೆಸ್ಟರ್ ಮಾವ. ಸೊಸೆಗೆ ಕೆಲಸ ಕಲಿಸಿದವರೂ ಅವರೇ. ಮದುವೆಯಾಗಿ ಬಂದ ಹೊಸದರಲ್ಲಿ, ಫ್ಯೂಸ್ ಹೋದಾಗ ಟಾರ್ಚ್ ಹಿಡಿದು ಹಿಂದೆ ನಿಲ್ಲುತ್ತಿದ್ದ ಹುಡುಗಿಯ ಕೈಗೆ ಕಟಿಂಗ್ ಪ್ಲೇಯರ್ ಕೊಟ್ಟು, "ಹೆದರ್ಬೇಡ, ಆದ್ರೆ ಸಲಿಗೆನೂ ಬೇಡ" ಎಂದು ಪಾಠ ಶುರುಮಾಡಿದ್ದರು. ಅವಳು ಪರೀಕ್ಷೆ ಕಟ್ಟಿ ಲೈಸೆನ್ಸ್ ತೆಗೆದುಕೊಂಡಾಗ ಬೀದಿಗೆಲ್ಲ ಸಿಹಿ ಹಂಚಿದ್ದರು. ಇದನ್ನು ಈಗಲೇ ಹೇಳಿಬಿಡುವುದು ವಾಸಿ. ಇಲ್ಲದಿದ್ದರೆ ಅವಳಿಗೆ ಮಾವನ ಮೇಲೆ ಯಾವುದೋ ಹಳೆಯ ಮುನಿಸಿತ್ತು ಎಂದು ಯಾರಾದರೂ ತಿಳಿದಾರು.

ಈ ಸಲದ್ದು ಮಕ್ಕಳಿಗೆ ಈಜು ಕಲಿಸುವ ಕೊಳದ ಕೆಲಸ. ಚಳಿ ಶುರುವಾದ ಕೂಡಲೇ ಮಕ್ಕಳು ತುಟಿ ನೀಲಿ ಮಾಡಿಕೊಂಡು ನಡುಗುತ್ತ ಮೇಲೇಳುತ್ತಿದ್ದವು, ತರಗತಿ ಅರ್ಧಕ್ಕರ್ಧ ಖಾಲಿಯಾಗುತ್ತಿತ್ತು. ಈಜು ಟೀಚರ್ ಕೊನೆಗೂ ಮನಸ್ಸು ಮಾಡಿ ಹೀಟ್ ಪಂಪ್ ತರಿಸಿದರು. ನೋಡಲು ಎ.ಸಿ.ಯ ಹೊರಗಿನ ಪೆಟ್ಟಿಗೆಯ ದೊಡ್ಡಣ್ಣನ ಹಾಗಿತ್ತು ಅದು. ಹೊರಗಿನ ಗಾಳಿಯಿಂದ ಶಾಖ ಹೀರಿಕೊಂಡು, ತನ್ನೊಳಗೆ ಹಾದುಹೋಗುವ ಕೊಳದ ನೀರಿಗೆ ಕೊಡುವುದು ಅದರ ಕೆಲಸ. ಮಳೆಗೆ ನೆನೆಯದಿರಲಿ ಎಂದು ಗಂಡ ಅದನ್ನು ಕ್ಲೋರಿನ್ ಡಬ್ಬಗಳಿಟ್ಟ ಶೆಡ್ಡಿನೊಳಗೆ ಕೂರಿಸಲು ಹೊರಟಿದ್ದ. ಸೊಸೆ ಬಿಡಲಿಲ್ಲ. "ಅದಕ್ಕೆ ಉಸಿರಾಡೋಕೆ ಗಾಳಿ ಬೇಕು ಕಣ್ರೀ. ಆ ಕ್ಲೋರಿನ್ ಘಾಟಿಗೆ ಒಳಗಿನ ತಾಮ್ರ ಎಲ್ಲಾ ತಿಂದುಹೋಗುತ್ತೆ" ಎಂದು ಹೊರಗೆ, ಗೋಡೆಯಿಂದ ದೂರಕ್ಕೆ, ಸಿಮೆಂಟ್ ಕಟ್ಟೆ ಹಾಕಿಸಿ ಕೂರಿಸಿದಳು. ಅದಕ್ಕೇ ಪ್ರತ್ಯೇಕ ಮೇನ್ ಸ್ವಿಚ್ಚು, ಎಲ್ಲಾದರೂ ಕರೆಂಟ್ ಸೋರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು ಲೈನ್ ಕತ್ತರಿಸುವ ಲೀಕೇಜ್ ಬ್ರೇಕರ್, ಎಲ್ಲವನ್ನೂ ಬೋರ್ಡಿನಲ್ಲಿ ಅಚ್ಚುಕಟ್ಟಾಗಿ ಕೂರಿಸಿದಳು.

ಭಾನುವಾರದ ತರಗತಿಗೆ ಬೆಚ್ಚಗಿನ ನೀರು ಎಂದು ಟೀಚರ್ ಎಲ್ಲ ತಾಯಿತಂದೆಯರಿಗೂ ಹೇಳಿಬಿಟ್ಟಿದ್ದರು. "ಅದು ನನ್ನ ಜವಾಬ್ದಾರಿ ಮೇಡಂ" ಎಂದು ಮಾವ ಮಾತು ಕೊಟ್ಟಿದ್ದರು. ಶನಿವಾರ ಮಧ್ಯಾಹ್ನ ಬೇಕರಿಯೊಂದರಲ್ಲಿ ಓವನ್ ಕೆಟ್ಟಿದೆ ಎಂದು ಕರೆ ಬಂತು. ಸೊಸೆ ಹೊರಟಳು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಹಸಿರು ಅರ್ಥಿಂಗ್ ವೈರನ್ನು ಯಂತ್ರದೊಳಗೆ ಸೇರಿಸುವುದು, ಮುಚ್ಚಳ ಹಾಕುವುದು, ಅಷ್ಟೇ ಬಾಕಿ ಇತ್ತು. ಅದು ಹೇಗೂ ಮಾವನ ಪಾಲಿನದು.

ರಾತ್ರಿ ಊಟಕ್ಕೆ ಕೂತಾಗ "ಏನಾಯ್ತು ಮಾವ?" ಎಂದು ಕೇಳಿದಳು.

"ಆಯ್ತು. ಓಡ್ತಾ ಇದೆ" ಎಂದರು ಮಾವ, ತಟ್ಟೆಯಿಂದ ತಲೆ ಎತ್ತದೆ. ಗಂಡ ನೀರಿನ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಾಯಿಗೆ ಹಿಡಿದಿದ್ದ. ದಣಿದಿದ್ದಾರೆ ಎಂದುಕೊಂಡು ಅವಳು ಸುಮ್ಮನಾದಳು.

ಭಾನುವಾರ, ಅಲ್ಲೇ ಈಜು ಕಲಿಯುತ್ತಿದ್ದ ಮಗಳನ್ನು ತರಗತಿಗೆ ಗಂಡನೇ ಕರೆದುಕೊಂಡು ಹೋದ. ಬೋರ್ಡಿನ ಸ್ವಿಚ್ಚುಗಳಿಗೆ ಹೆಸರಿನ ಚೀಟಿ ಅಂಟಿಸುವುದೊಂದು ಉಳಿದಿತ್ತೆಂದು ಸೊಸೆಯೂ ಸ್ವಲ್ಪ ಹೊತ್ತಾದ ಮೇಲೆ ಹೋದಳು. ಕೊಳದ ಕಡೆಯಿಂದ ಮಕ್ಕಳ ಕೇಕೆ ಕೇಳಿಸುತ್ತಿತ್ತು. ಹಿತ್ತಲಲ್ಲಿ ಯಂತ್ರದ ಫ್ಯಾನು ಗುಂಯ್ ಎಂದು ತಿರುಗುತ್ತಿತ್ತು. ನೆಮ್ಮದಿಯಾಗಿ ಬೋರ್ಡಿನ ಬಾಗಿಲು ತೆಗೆದಳು.

ಲೀಕೇಜ್ ಬ್ರೇಕರಿನ ಕಡ್ಡಿ ಕೆಳಗೆ ಬಿದ್ದಿತ್ತು.

ಅವಳಿಗೆ ಮೊದಲು ಅರ್ಥವೇ ಆಗಲಿಲ್ಲ. ಬ್ರೇಕರ್ ಬಿದ್ದಿದ್ದರೆ ಫ್ಯಾನ್ ನಿಂತಿರಬೇಕು. ಫ್ಯಾನ್ ತಿರುಗುತ್ತಿದ್ದರೆ ಬ್ರೇಕರ್ ಮೇಲಿರಬೇಕು. ಆಮೇಲೆ ಕಣ್ಣಿಗೆ ಬಿತ್ತು. ಬ್ರೇಕರನ್ನು ಪಕ್ಕಕ್ಕೆ ಬಿಟ್ಟು, ಮೇನ್ ಸ್ವಿಚ್ಚಿನಿಂದ ನೇರವಾಗಿ ಯಂತ್ರಕ್ಕೆ ಎರಡು ವೈರು ಎಳೆಯಲಾಗಿತ್ತು. ಟೇಪನ್ನು ಹಾಗೆ ಓರೆಯಾಗಿ ಸುತ್ತುವ ಕೈ ಯಾರದೆಂದು ಅವಳಿಗೆ ಗೊತ್ತಿತ್ತು, ಮಾವನದು. ಮೇನ್ ಸ್ವಿಚ್ಚನ್ನು ಕೆಳಗೆಳೆದಳು, ಅದರ ಕಿವಿಗೆ ಚೀಲದಲ್ಲಿದ್ದ ಪುಟ್ಟ ಬೀಗ ಜಡಿದಳು, ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೊಳದತ್ತ ಓಡಿದಳು.

"ಮಕ್ಕಳನ್ನ ಮೇಲೆ ಕರೀರಿ! ಎಲ್ಲರನ್ನೂ! ಈಗಲೇ!"

ಕರೆಂಟು ಕಡಿದಾಗಿತ್ತು, ಓಡಬೇಕಾದ ಅಗತ್ಯವೇ ಇರಲಿಲ್ಲ. ಅದು ಅವಳ ಬುದ್ಧಿಗೆ ಗೊತ್ತಿತ್ತು, ಕಾಲುಗಳಿಗೆ ಗೊತ್ತಿರಲಿಲ್ಲ. ಟೀಚರ್ ಸೀಟಿ ಊದಿದರು. ಮಕ್ಕಳು ಗೊಣಗುತ್ತ ಒಂದೊಂದಾಗಿ ಕಬ್ಬಿಣದ ಏಣಿ ಹತ್ತಿ ಬಂದವು. ಮಗಳೂ ಬಂದಳು. ಅವಳ ಒದ್ದೆ ಭುಜವನ್ನು ತಾಯಿ ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಹುಡುಗಿ "ಅಮ್ಮಾ, ನೋಯುತ್ತೆ" ಎಂದು ಕೊಸರಿಕೊಂಡಳು.

ಗಂಡ ಓಡಿ ಬಂದ. ಅವನ ಮುಖ ನೋಡಿದ ಕೂಡಲೇ ಅವಳಿಗೆ ಎಲ್ಲ ತಿಳಿಯಿತು.

"ನಿಮಗೆ ಗೊತ್ತಿತ್ತು" ಎಂದಳು.

"ನಿನ್ನೆ ಹಾಕ್ತಿದ್ದ ಹಾಗೇ ಬೀಳ್ತಾ ಇತ್ತು ಕಣೇ. ಎಷ್ಟು ಸಲ ಹಾಕಿದ್ರೂ ಬೀಳ್ತಾ ಇತ್ತು. ಅಪ್ಪ ಸಂಜೆವರೆಗೂ ಹುಡುಕಿದ್ರು. ಹೊಸ ಮಷೀನು, ಒಳಗೆ ತೇವ ಇರುತ್ತೆ, ಓಡ್ತಾ ಓಡ್ತಾ ಒಣಗುತ್ತೆ, ಅಲ್ಲೀವರೆಗೆ ಹೀಗಿರ್ಲಿ ಅಂದ್ರು."

"ನೀವು ಏನಂದ್ರಿ?"

ಅವನು ಏನೂ ಅಂದಿರಲಿಲ್ಲ. ಅಪ್ಪನ ಮುಂದೆ ಅವನ ಬಾಯಿಗೆ ಚಿಕ್ಕಂದಿನಿಂದ ಬೀಗ. ಪೈಪಿನಲ್ಲಿ ಸಣ್ಣ ಹನಿ ಸೋರಿದರೆ ಊಟ ಬಿಟ್ಟು ಕೂರುವ ಮನುಷ್ಯ, ತನ್ನ ಮಗಳನ್ನು ಆ ನೀರಿಗೆ ಇಳಿಸಿ ಬೆಂಚಿನ ಮೇಲೆ ಕೂತಿದ್ದ. ಅವಳಿಗೆ ಅವನ ಮೇಲೆ ಬಂದಷ್ಟು ಸಿಟ್ಟು ಮಾವನ ಮೇಲೂ ಬರಲಿಲ್ಲ.

ಅಷ್ಟರಲ್ಲಿ ಟೆಸ್ಟರ್ ಮಾವ ಗೇಟಿನ ಕಡೆಯಿಂದ ಟೀ ಲೋಟ ಹಿಡಿದು ಬಂದರು. ಫ್ಯಾನು ನಿಂತದ್ದು ಅವರ ಕಿವಿಗೆ ಮೊದಲು ಬಿದ್ದಿತ್ತು. ಟವೆಲ್ ಸುತ್ತಿಕೊಂಡ ಮಕ್ಕಳು, ಮುಖ ಮುಖ ನೋಡಿಕೊಳ್ಳುತ್ತಿದ್ದ ತಾಯಂದಿರು, ಎಲ್ಲರ ಮೇಲೂ ಕಣ್ಣಾಡಿಸಿದರು.

"ಯಾರು ಆಫ್ ಮಾಡಿದ್ದು?"

"ನಾನೇ ಮಾವ."

"ಯಾಕಮ್ಮಾ?"

"ಬ್ರೇಕರ್ ಬಿಟ್ಟು ಲೈನ್ ಕೊಟ್ಟಿದ್ದೀರಲ್ಲ, ಅದಕ್ಕೆ."

ತಾಯಂದಿರಲ್ಲಿ ಒಬ್ಬಳು "ಅಯ್ಯೋ" ಎಂದಳು. ಮಾವನ ಮುಖ ಕೆಂಪಾಯಿತು. ಹತ್ತು ಜನರ ಎದುರು, ತಾವೇ ಕೆಲಸ ಕಲಿಸಿದ ಸೊಸೆ, ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು. ಒಳಗೆ ಕರೆದು ಹೇಳಬಹುದಿತ್ತು ಎಂದು ಅವಳಿಗೂ ಆ ಕ್ಷಣವೇ ಅನ್ನಿಸಿತು. ಆದರೆ ಆಡಿಯಾಗಿತ್ತು.

"ಆ ಬ್ರೇಕರ್ ಒಂದು ಪುಕ್ಕಲು. ಇರುವೆ ಸೀನಿದ್ರೂ ಬೀಳುತ್ತೆ" ಎಂದು ಮಾವ ಎಲ್ಲರಿಗೂ ಕೇಳುವಂತೆ ನಕ್ಕರು. "ನಮ್ಮ ಕಾಲದಲ್ಲಿ ಇವೆಲ್ಲ ಎಲ್ಲಿತ್ತು? ಬೆಳಗ್ಗೆ ಮಕ್ಕಳು ಬರೋ ಮುಂಚೆ ಮಷೀನ್ ಓಡ್ತಿರೋವಾಗ್ಲೇ ನಾನು ಸೊಂಟದವರೆಗೆ ಇಳಿದು ನೋಡಿದೀನಿ. ಏನಾಯ್ತು ನನಗೆ?"

"ಬೆಳಗ್ಗೆ ಆಗ್ಲಿಲ್ಲ ಅಂದ್ರೆ ಈಗ ಆಗಲ್ಲ ಅಂತ ಬರೆದುಕೊಡುತ್ತಾ ಮಾವ ಕರೆಂಟು? ಯಾಕೆ ಬೀಳ್ತಾ ಇತ್ತು ಅಂತ ಗೊತ್ತಾಯ್ತಾ?"

ಮಾವ ಟೀ ಲೋಟವನ್ನು ಬೆಂಚಿನ ಮೇಲಿಟ್ಟರು. ಚಪ್ಪಲಿ ಬಿಟ್ಟರು. ಜೇಬಿನ ಟೆಸ್ಟರನ್ನು ತೆಗೆದು ಮಗನ ಕೈಗೆ ಕೊಟ್ಟು, ಪ್ಯಾಂಟು ಅಂಗಿ ಸಮೇತ ಏಣಿ ಹಿಡಿದು ಕೊಳಕ್ಕೆ ಇಳಿದೇಬಿಟ್ಟರು. ನೀರು ಎದೆಯವರೆಗೆ ಬಂತು.

"ಹಾಕು ಸ್ವಿಚ್ಚು" ಎಂದರು.

"ಯಜಮಾನ್ರೇ, ಬೇಡ, ಮೇಲೆ ಬನ್ನಿ" ಎಂದು ಟೀಚರ್ ಅಂಗಲಾಚಿದರು. "ಅಪ್ಪಾ..." ಎಂದ ಮಗ.

"ಹಾಕಮ್ಮಾ. ನನ್ನ ಕೆಲಸ, ನನ್ನ ಜೀವ. ಇಷ್ಟು ವರ್ಷ ಮಾಡಿದ್ದೇನು ಅಂತ ಇವರೂ ನೋಡ್ಲಿ."

ಬೀಗದ ಕೈ ಇನ್ನೂ ಸೊಸೆಯ ಮುಷ್ಟಿಯಲ್ಲೇ ಇತ್ತು. ಹಾಕುವುದಿಲ್ಲ ಎಂದರೆ ಮುಗಿಯುತ್ತಿತ್ತು. ಆದರೆ ಅವಳಿಗೆ ಮಾವ ಗೊತ್ತು. ಇವತ್ತು ಹಾಕದಿದ್ದರೆ ಎಲ್ಲರೂ ಹೋದ ಮೇಲೆ ಬೀಗ ಒಡೆದಾದರೂ ಬಂದು ಹಾಕುವವರು, ಮತ್ತೆ ಒಬ್ಬರೇ ಇಳಿಯುವವರು. ಹಟ ಅವರ ಮೂಗಿನ ತುದಿಯಲ್ಲೇ ಇತ್ತು.

"ಆಯ್ತು ಮಾವ. ಆದ್ರೆ ನೀವು ಮೇಲೆ ಬನ್ನಿ" ಎಂದಳು. "ಬೋರ್ಡು ನನ್ನದು. ವೈರು ಎಳೆದದ್ದು ನಾನು. ಲೈಸೆನ್ಸು ಇರೋದು ನನ್ನ ಹೆಸರಲ್ಲಿ. ನೀರಿಗೆ ನಾನು ಇಳೀತೀನಿ, ಸ್ವಿಚ್ಚು ನೀವು ಹಾಕಿ."

"ಹುಚ್ಚಾ ನಿನಗೆ?" ಎಂದು ಗಂಡ ಅವಳ ತೋಳು ಹಿಡಿದ. ಕೊಡವಿಕೊಂಡಳು.

ಹೌದು, ಹುಚ್ಚೇ. ಪಕ್ಕದಲ್ಲಿ ಮಗಳನ್ನಿಟ್ಟುಕೊಂಡು ತಾಯಿಯೊಬ್ಬಳು ಆಡುವ ಮಾತಲ್ಲ ಅದು. ಜಾಣತನ ಎಂದು ಯಾರಾದರೂ ಹೊಗಳಿದರೆ ನಂಬಬೇಡಿ. ಮಾವ ಹಾಕುವುದಿಲ್ಲ ಎಂದು ಅವಳಿಗೆ ಖಾತ್ರಿ ಇತ್ತು ಎಂದರೆ ಅದೂ ಸುಳ್ಳು. ಅದೇ ಹಟದಲ್ಲಿ ಮೇಲೇರಿ ಬಂದ ಮಾವನ ಕೈಗೆ ಬೀಗದ ಕೈ ಇಟ್ಟು, ತಾನು ನೀರಿಗೆ ಇಳಿದು ಕೊಳದ ನಡುವಿಗೆ ಹೋಗಿ ನಿಂತಳು.

ಮಾವ ತೊಟ್ಟಿಕ್ಕುತ್ತ ಬೋರ್ಡಿನ ಹತ್ತಿರ ಹೋದರು. ಬೀಗ ತೆಗೆಯಲು ನೋಡಿದರು. ಬೀಗದ ಕೈ ತೂತಿನ ಆಚೀಚೆ ಹೊರಳಿತು, ಒಳಗೆ ಹೋಗಲಿಲ್ಲ. ಇನ್ನೊಂದು ಸಲ ನೋಡಿದರು. ಹೆಬ್ಬೆರಳಿನಿಂದ ತೂತನ್ನು ತಡವಿ ಹುಡುಕಿ ಕೊನೆಗೂ ಬೀಗ ತೆಗೆದರು. ಸ್ವಿಚ್ಚಿನ ಹಿಡಿಯ ಮೇಲೆ ಕೈ ಇಟ್ಟರು. ತಿರುಗಿ ಕೊಳದ ಕಡೆ ನೋಡಿದರು. ಎದೆಮಟ್ಟದ ನೀರಿನಲ್ಲಿ ಸೊಸೆ ಕಣ್ಣು ಮುಚ್ಚಿ ನಿಂತಿದ್ದಳು.

ಆ ಕೈ ಹಾಗೇ ಇತ್ತು. ಸ್ವಿಚ್ಚು ಮೇಲೇಳಲಿಲ್ಲ.

"ನನ್ನ ಕೈಲಿ ಆಗಲ್ಲ" ಎಂದರು ಮಾವ. ದನಿ ಕೇಳಿ ಅಲ್ಲಿದ್ದವರೆಲ್ಲ ತಲೆ ತಗ್ಗಿಸಿದರು. "ಮೇಲೆ ಬಾಮ್ಮಾ. ಮೊದಲು ಮೇಲೆ ಬಾ."

ತಮ್ಮ ಜೀವವನ್ನು ಪಣಕ್ಕಿಡುವಾಗ ಇದ್ದ ನಂಬಿಕೆ, ಸೊಸೆಯ ಜೀವದ ಮೇಲೆ ಕೈ ಇಟ್ಟಾಗ ಇರಲಿಲ್ಲ. ಅಂದರೆ ಮೊದಲೂ ಇರಲಿಲ್ಲ.

ಬೀಗ ಮತ್ತೆ ಬಿತ್ತು. ಬಟ್ಟೆಯಿಂದ ನೀರು ಇಳಿಯುತ್ತಿದ್ದ ಹಾಗೇ ಇಬ್ಬರೂ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕೂತರು. ಅವಳು ಮುಚ್ಚಳ ಬಿಚ್ಚಿದಳು. ಮುಚ್ಚಳದ ಅಂಚಿಗೆ ಸಿಕ್ಕಿ ಒಂದು ವೈರಿನ ಪ್ಲಾಸ್ಟಿಕ್ ಸಿಪ್ಪೆ ಕೊರೆದುಹೋಗಿತ್ತು, ಅಲ್ಲಿಂದ ಕರೆಂಟು ಯಂತ್ರದ ಮೈಗೆ ಇಳಿಯುತ್ತಿತ್ತು. ಅದಕ್ಕಾದರೂ ಅರ್ಥಿಂಗ್ ಇದೆಯಲ್ಲ ಎಂದು ಹಸಿರು ವೈರನ್ನು ಮೆಲ್ಲನೆ ಎಳೆದಳು. ಕೈಗೇ ಬಂತು. ತುದಿಯ ಪ್ಲಾಸ್ಟಿಕ್ ಸುಲಿದಿರಲೇ ಇಲ್ಲ. ಸ್ಕ್ರೂ ತಾಮ್ರವನ್ನು ಮುಟ್ಟದೆ ಹಸಿರು ಸಿಪ್ಪೆಯ ಮೇಲೆ ಬಿಗಿಯಾಗಿ ಕೂತಿತ್ತು.

ಅರ್ಥಿಂಗ್ ಇಲ್ಲ, ಆದರೂ ಬ್ರೇಕರ್ ಬೀಳುತ್ತಿತ್ತು. ಹಾಗಾದರೆ ಸೋರಿದ ಕರೆಂಟು ನೆಲ ಸೇರಲು ಬೇರೆ ದಾರಿ ಹಿಡಿದಿತ್ತು. ಯಂತ್ರದೊಳಗಿನಿಂದ ಕೊಳಕ್ಕೆ ಹೋಗುವ ನೀರಿನ ದಾರಿ. ಪಾಪದ ಬ್ರೇಕರ್ ನಿನ್ನೆ ಸಂಜೆಯವರೆಗೆ ಬಿದ್ದು ಬಿದ್ದು ಕೂಗಿದ್ದು ಅದನ್ನೇ. ಇಲ್ಲಿಯವರೆಗೆ ಸೋರಿದ್ದು ಸ್ವಲ್ಪವಾದ್ದರಿಂದ ಯಾರಿಗೂ ತಗುಲಿರಲಿಲ್ಲ, ಸಿಪ್ಪೆ ಇನ್ನೊಂದಿಷ್ಟು ಕೊರೆದಿದ್ದರೆ ಸಾಕಿತ್ತು.

ವೈರಿನ ತುದಿಯನ್ನು ಮಾವನ ಅಂಗೈ ಮೇಲಿಟ್ಟಳು. ಅವರು ಬೆರಳಿನಿಂದ ಸವರಿ ನೋಡಿದರು. ಕಣ್ಣಿನ ಹತ್ತಿರಕ್ಕೂ ತರಲಿಲ್ಲ.

"ಸುಲಿದೆ ಅಂತಲೇ ಅಂದ್ಕೊಂಡಿದ್ದೆ" ಎಂದರು. "ಕಾಣಲ್ಲಮ್ಮಾ ನನಗೆ. ಎಷ್ಟೋ ದಿನದಿಂದ ಕಾಣ್ತಾ ಇಲ್ಲ. ಟೆಸ್ಟರಿನ ದೀಪ ಹತ್ತಿದ್ರೂ ಗೊತ್ತಾಗಲ್ಲ."

"ಮತ್ತೆ ಹೇಳಬಾರದಿತ್ತಾ ಮಾವ? ಮಕ್ಕಳಿದ್ರು ನೀರಲ್ಲಿ. ನಿಮ್ಮ ಮೊಮ್ಮಗಳಿದ್ಲು!" ಕಿರುಚಬಾರದು ಎಂದುಕೊಂಡಿದ್ದಳು, ಕಿರುಚಿದಳು.

"ಹೇಳಿದ್ರೆ ಆಮೇಲೆ ನನ್ನನ್ನ ಯಾತಕ್ಕೆ ಕರೀತಿದ್ರಿ?"

ಅವರು ಟೀ ಬಗ್ಗಿಸುವಾಗ ಲೋಟದ ಹೊರಗೆ ಚೆಲ್ಲುವುದನ್ನು, ಮೆಟ್ಟಿಲಿಳಿಯುವಾಗ ಕಾಲಿನಿಂದ ತಡಕುವುದನ್ನು ಅವಳು ನೋಡಿರಲಿಲ್ಲವೇ? ನೋಡಿದ್ದಳು. ಪಾಪ, ನೊಂದುಕೊಳ್ಳುತ್ತಾರೆ ಎಂದು ಕಂಡೂ ಕಾಣದ ಹಾಗಿದ್ದಳು. ಪ್ರತಿಸಲವೂ ಆ ಒಂದು ಸ್ಕ್ರೂ ಅವರಿಗೆಂದು ಉಳಿಸಿ, ಒಳ್ಳೆಯ ಸೊಸೆ ಎನ್ನಿಸಿಕೊಂಡಿದ್ದಳು. ಸಿಟ್ಟು ಹೋಗಲಿಲ್ಲ, ಆದರೆ ಅದನ್ನು ಯಾರ ಮೇಲೆ ಇಳಿಸಬೇಕೋ ತಿಳಿಯಲಿಲ್ಲ.

ಟವೆಲ್ ಹೊದ್ದ ಮಗಳು ಅಪ್ಪನ ಕೈ ಬಿಡಿಸಿಕೊಂಡು ಓಡಿ ಬಂದಳು. ಅವಳಿಗೆ ಏನೂ ಗೊತ್ತಾಗಿರಲಿಲ್ಲ. ತಾತನ ಒದ್ದೆ ಬೆನ್ನಿಗೆ ಜೋತುಬಿದ್ದು, "ತಾತಾ, ಇವತ್ತು ನೀರು ಎಷ್ಟು ಬೆಚ್ಚಗಿತ್ತು ಗೊತ್ತಾ? ಹೊರಗೆ ಬರೋಕೇ ಮನಸ್ಸಾಗ್ಲಿಲ್ಲ. ನಾಳೆ ಮತ್ತೆ ಇಳೀಬಹುದಾ?" ಎಂದಳು.

ಯಾವ ಪ್ರಶ್ನೆಗೂ ತಡಮಾಡುವವರಲ್ಲ ಮಾವ. ಈಗ ಮೊಮ್ಮಗಳ ಕೈಯನ್ನು ತಡವಿ ಹುಡುಕಿ ಹಿಡಿದುಕೊಂಡರು.

"ನಿಮ್ಮಮ್ಮನ್ನ ಕೇಳು ಪುಟ್ಟೀ" ಎಂದರು. "ನನಗೆ ಗೊತ್ತಾಗಲ್ಲ."